ಮೂಕನ ಸನ್ನಿಧಿಯಲ್ಲಿ ಬಂದ ಮಾತು

ಮಾರಣಕಟ್ಟೆಯ ಸ್ವಾಮಿಯನ್ನು ನಂಬಿ ನಡೆಯುವ ನಿಮ್ಮೆಲ್ಲರಿಗೆ ವಂಡ್ಸೆ ಕಡೆಯ ಮಂಜಯ್ಯ ಶೆಟ್ಟಿಯ ನಮಸ್ಕಾರ.

ಇದನ್ನು ನಾನು ಹೋದ ವರ್ಷವೇ ಬರೆದು ಕೊಡಬೇಕಿತ್ತು. ದೇವಸ್ಥಾನದಲ್ಲಿ ಸಿಕ್ಕ ಪರಿಚಯದವರು ಕೇಳಿದ್ದರು. ಕಣ್ಣು ಸರಿ ಕಾಣುವುದಿಲ್ಲ ಎಂದೆ. ಇನ್ನೊಮ್ಮೆ ಕೇಳಿದಾಗ ಗದ್ದೆ ಕೊಯ್ಲು ಎಂದೆ. ಎರಡೂ ಸುಳ್ಳು. ಕಣ್ಣು ಚೆನ್ನಾಗಿಯೇ ಇದೆ, ಗದ್ದೆ ಬೇಸಾಯ ಬಿಟ್ಟು ಬಹಳ ಕಾಲವಾಯಿತು. ಸ್ವಾಮಿ ಮಾಡಿದ ಉಪಕಾರವನ್ನು ಬರೆಯಬೇಕಾದರೆ ನಾನು ಮಾಡಿದ್ದನ್ನೂ ಬರೆಯಬೇಕಾಗುತ್ತದೆ. ಅದೊಂದನ್ನು ಬಿಟ್ಟು ಬರೆಯಲು ಕೂತು ನೋಡಿದೆ. ಎರಡು ಸಾಲು ಬರೆದು ಹರಿದು ಹಾಕಿದೆ. ಈಗ ಇದ್ದ ಹಾಗೆ ಬರೆಯುತ್ತೇನೆ. ನನ್ನ ಓದು ಹೈಸ್ಕೂಲಿಗೆ ಮುಗಿದದ್ದು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ತೀರಿಕೊಂಡ ನನ್ನ ಹೆಂಡತಿಯ ವರ್ಷಾಂತಕ್ಕೆಂದು ಮಗಳು ಶೈಲಾ ಜರ್ಮನಿಯಿಂದ ಬಂದಿದ್ದಳು. ಅಲ್ಲಿ ನರ್ಸ್ ಆಗಿದ್ದಾಳೆ. ಅವಳ ಗಂಡ ಮಾರ್ಟಿನ್ ಆ ದೇಶದವನೇ, ಒಳ್ಳೆಯ ಮನುಷ್ಯ. ರಜೆ ಸಿಗದೆ ಅವನು ಬಂದಿರಲಿಲ್ಲ. ಮಗಳ ಜೊತೆಗೆ ಬಂದವಳು ಆರು ವರ್ಷದ ಮೊಮ್ಮಗಳು ಲೀನಾ. ಶೈಲಾಳಿಗೆ ಹಗಲು ರಾತ್ರಿ ಪಾಳಿ, ಮಗು ಬೆಳೆದದ್ದು ಅಲ್ಲಿನ ಶಿಶುವಿಹಾರದಲ್ಲಿ. ಹಾಗಾಗಿ ಅವಳಿಗೆ ಬರುವ ಕನ್ನಡ ಎಂದರೆ ಅಜ್ಜ, ಅಮ್ಮಮ್ಮ, ನೀರು, ಸಾಕು. ಉಳಿದದ್ದೆಲ್ಲ ಜರ್ಮನ್. ಅಜ್ಜಿಗೆ ನಮ್ಮ ಕಡೆ ಅಮ್ಮಮ್ಮ ಎನ್ನುತ್ತೇವೆ.

ವರ್ಷಾಂತ ಮುಗಿದು ನೆಂಟರೆಲ್ಲ ಹೋದ ಮೇಲೆ ಶೈಲಾಳಿಗೆ ಹೊಟ್ಟೆನೋವು ಶುರುವಾಯಿತು. ಊಟದ ಹೆಚ್ಚುಕಡಿಮೆ ಎಂದುಕೊಂಡು ಜೀರಿಗೆ ಕಷಾಯ ಮಾಡಿಕೊಟ್ಟೆ. ನರ್ಸ್ ಆದವಳು ತಾನೂ ಹಾಗೇ ಅಂದುಕೊಂಡಳು. ಮರುದಿನ ಮಧ್ಯಾಹ್ನ ಬಚ್ಚಲ ಬಾಗಿಲಲ್ಲಿ ಕುಸಿದುಬಿದ್ದಳು. ನೆರೆಮನೆಯ ಸುಶೀಲಳ ಮಗನ ರಿಕ್ಷಾದಲ್ಲಿ ಕುಂದಾಪುರಕ್ಕೆ ಕರೆದುಕೊಂಡು ಹೋದೆವು. ಆಸ್ಪತ್ರೆಯ ಡಾಕ್ಟರು ನೋಡಿ, "ಅಪೆಂಡಿಕ್ಸ್ ಒಡೆದಿದೆ. ಹೊಟ್ಟೆ ತುಂಬ ಕೀವು. ಈಗಲೇ ಆಪರೇಷನ್ ಆಗಬೇಕು. ಆದಮೇಲೂ ಎರಡು ದಿನ ಕಳೆಯದೆ ನಾನು ಏನೂ ಹೇಳಲಿಕ್ಕಾಗುವುದಿಲ್ಲ" ಎಂದರು. ಆಪರೇಷನ್ ಮುಗಿಸಿ ಐಸಿಯುಗೆ ಹಾಕಿದರು. ಅಲ್ಲಿಗೆ ಮಕ್ಕಳನ್ನು ಬಿಡುವುದಿಲ್ಲ.

ಕೋಟದಿಂದ ನನ್ನ ನಾದಿನಿ ಗಿರಿಜ ಓಡಿಬಂದಳು. ನನ್ನ ಹೆಂಡತಿಯ ತಂಗಿ. "ಭಾವ, ನೀವ್ ಮಗಿನ್ ಕರ್ಕಂಡ್ ಮನೆಗ್ ಹೋಯ್ನಿ. ಇಲ್ಲ್ ನಾ ಇದ್ದೆ. ಈ ಮಗ್ ಬೆಂಚಿನ್ ಮೇಲ್ ಎಷ್ಟೊತ್ತ್ ಕೂಕಂಬುದ್?" ಎಂದಳು.

ಮಗುವನ್ನು ಕರೆದುಕೊಂಡು ಬಸ್ಸು ಹತ್ತಿದೆ. ಕಿಟಕಿ ಬದಿಯ ಸೀಟು ಸಿಕ್ಕಿತು. ತಲ್ಲೂರು ಸೇತುವೆಯ ಹತ್ತಿರ ಮಗು ಹೊರಗೆ ಹೊಳೆ ನೋಡುತ್ತಾ ಒಂದು ಪ್ರಶ್ನೆ ಕೇಳಿತು. ಜರ್ಮನ್‌ನಲ್ಲಿ. ಆಮೇಲೆ ಮುಖ ತಿರುಗಿಸಿ ನನ್ನ ಬಾಯಿಯನ್ನೇ ನೋಡಿತು.

ಅದು ಕೇಳಿದ್ದು ಇಷ್ಟು: ಅಮ್ಮಮ್ಮನ ಹಾಗೆ ಅಮ್ಮನೂ ಆಸ್ಪತ್ರೆಯಿಂದ ಬರುವುದಿಲ್ಲವಾ?

ನನಗೆ ಒಂದೊಂದು ಶಬ್ದವೂ ತಿಳಿಯಿತು. ಉತ್ತರವೂ ಆ ಭಾಷೆಯಲ್ಲಿಯೇ ತಲೆಯೊಳಗೆ ಬಂದು ನಿಂತಿತು. ಚಿಕ್ಕ ಉತ್ತರ. ಬಾಯಿಗೆ ಬರಲಿಲ್ಲ. ಮಗು ಮತ್ತೊಮ್ಮೆ ಕೇಳಿತು. "ಬತ್ಲ್ ಮಗಾ, ಬತ್ಲ್", ಬರುತ್ತಾಳೆ ಎಂದು ಕನ್ನಡದಲ್ಲಿ ಅಂದೆ. ತಲೆಯನ್ನೂ ಅಲ್ಲಾಡಿಸಿದೆ. ನಾವು ತಲೆ ಅಲ್ಲಾಡಿಸುವುದು ನಿಮಗೆ ಗೊತ್ತಲ್ಲ, ಹೌದಕ್ಕೂ ಅದೇ, ಅಲ್ಲಕ್ಕೂ ಅದೇ. ಪರದೇಶದಲ್ಲಿ ಹುಟ್ಟಿದ ಮಗುವಿಗೆ ಅದರಿಂದ ಏನು ತಿಳಿಯಬೇಕು? ಸೇತುವೆ ದಾಟುವ ತನಕ ಕಾಯಿತು. ಆಮೇಲೆ ಬಾಯಿ ಮುಚ್ಚಿತು. ಅಮ್ಮ ಬರುವುದಿಲ್ಲ ಎಂದು ನನ್ನ ಮೌನದಿಂದ ಓದಿಕೊಂಡಿತು.

ಆ ಹೊತ್ತಿನಿಂದ ಅದು ಮಾತಾಡಲಿಲ್ಲ. ತಿನ್ನಲಿಲ್ಲ. ನೀರು ಕೊಟ್ಟರೆ ತುಟಿ ಬಿಗಿ ಮಾಡಿತು.

ಮಾರ್ಟಿನ್ ಫೋನ್ ಮಾಡಿದ. ವಿಮಾನದ ಟಿಕೇಟು ಸಿಕ್ಕಿದೆ, ಆದರೆ ಬಂದು ಮುಟ್ಟಲು ಮೂರನೆಯ ದಿನವಾಗುತ್ತದೆ ಎಂದು ಗಿರಿಜಳಿಗೆ ಇಂಗ್ಲಿಷಿನಲ್ಲಿ ಹೇಳಿದನಂತೆ. ಆಮೇಲೆ ಮನೆಗೆ ಮಾಡಿದಾಗ ಮಗುವಿನ ಕೈಗೆ ಫೋನ್ ಕೊಟ್ಟೆ. ಅವನು ಮಾತಾಡುತ್ತಾ ಅತ್ತುಬಿಟ್ಟ. ಅಪ್ಪ ಅಳುವುದನ್ನು ಕೇಳಿ ಮಗು ಫೋನನ್ನು ನೆಲಕ್ಕೆ ಒಗೆದು ಮಂಚದ ಅಡಿಗೆ ಹೋಗಿ ಕೂತಿತು. ಮತ್ತೆ ಫೋನ್ ತೋರಿಸಿದರೆ ಕಿವಿ ಮುಚ್ಚಿಕೊಳ್ಳುತ್ತಿತ್ತು.

ಭಾಷೆ ತಿಳಿದೂ ನಾನೇಕೆ ಮಾತಾಡಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

ಮದುವೆಯಾದ ಹೊಸತರಲ್ಲಿ ನಾನು ಮುಂಬೈಯಲ್ಲಿ ಭಾವನ ಹೋಟೆಲಿನ ಗಲ್ಲೆಯಲ್ಲಿ ಕೂತು ಹಣ ತೆಗೆದುಕೊಳ್ಳುತ್ತಿದ್ದೆ. ಹೆಂಡತಿಯನ್ನು ಕರೆದುಕೊಂಡು ಹೋಗಿ ಚಾಳಿನ ಒಂದು ಖೋಲಿಯಲ್ಲಿ ಸಂಸಾರ ಹೂಡಿದೆ. ಅವಳಿಗೆ ಹಿಂದಿ ಬರುತ್ತಿರಲಿಲ್ಲ. ಆದರೆ ಕಲಿಯುವ ಆಸೆ ಬಹಳ ಇತ್ತು. ನೀರಿನ ನಳ್ಳಿಯ ಹತ್ತಿರ ಹೆಂಗಸರು ಮಾತಾಡುವುದನ್ನು ಕೇಳಿ ಕೇಳಿ ಒಂದು ದಿನ ತಾನೂ ಒಂದು ಮಾತು ಹೇಳಿದಳು. ತಪ್ಪಾಗಿತ್ತು. ಅಲ್ಲಿದ್ದವರು ಅಷ್ಟಾಗಿ ನಗಲಿಲ್ಲ. ಅವಳೇ ಬಂದು ನನಗೆ ಹೇಳಿದಳು, "ಇವತ್ತ್ ನಾ ಹಿಂದಿ ಮಾತಾಡ್ದೆ ಕಾಣಿ" ಎಂದು, ಸಂತೋಷದಿಂದ.

ನಾನು ಅದನ್ನು ಹೋಟೆಲಿಗೆ ತೆಗೆದುಕೊಂಡು ಹೋದೆ. ಅವಳ ಸ್ವರದಲ್ಲಿ, ಅವಳ ಹಾಗೆ ಕೈ ಮಾಡಿ, ಗಲ್ಲೆಯಲ್ಲಿ ಕೂತು ಹೇಳಿ ತೋರಿಸಿದೆ. ಅಡುಗೆಯವರು ನಕ್ಕರು, ಚಹಾ ಕುಡಿಯಲು ಬಂದವರು ನಕ್ಕರು. ನಗಿಸುವುದು ನನಗೆ ಇಷ್ಟವಾಯಿತು. ಮರುದಿನ ಮತ್ತೆ ಮಾಡಿದೆ. ಅದು ಹೋಟೆಲಿನ ತಮಾಷೆಯಾಯಿತು. ಅವಳು ಊಟದ ಡಬ್ಬಿ ಕೊಡಲು ಬಂದರೆ ಒಳಗಿನಿಂದ ಯಾರಾದರೂ ಆ ಮಾತನ್ನು ಕೂಗುತ್ತಿದ್ದರು. ನಾನೂ ಎಲ್ಲರ ಜೊತೆ ನಗುತ್ತಿದ್ದೆ.

ಅವಳು ಹೇಳಿದ್ದು ಏನೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ನಗುತ್ತೀರಿ. ಅಲ್ಲಿಗೆ ನಾನು ಅದನ್ನು ಇನ್ನೊಮ್ಮೆ ಮಾಡಿದ ಹಾಗಾಗುತ್ತದೆ.

ಆಮೇಲೆ ಅವಳು ಹಿಂದಿ ಮಾತಾಡಲಿಲ್ಲ. ಮುಂಬೈಯಲ್ಲಿ ಇದ್ದಷ್ಟು ವರ್ಷವೂ ಮಾತಾಡಲಿಲ್ಲ. ಚಾಳಿನವರು ಅವಳನ್ನು ಗೂಂಗಿ ಎಂದು ಕರೆಯತೊಡಗಿದರು. ಮೂಗಿ ಎಂದು ಅರ್ಥ. ಶೈಲಾ ಹುಟ್ಟಿ ವರ್ಷವಾಗುವಾಗ ಒಂದು ಮಧ್ಯಾಹ್ನ ಮಗುವಿಗೆ ಜ್ವರ ನೆತ್ತಿಗೇರಿ ಸೆಳವು ಬಂತು. ಪಕ್ಕದ ಖೋಲಿಯಲ್ಲಿ ಜನರಿದ್ದರು. ಕರೆಯಲಿಲ್ಲ. ಮಗುವನ್ನು ಎತ್ತಿಕೊಂಡು ಚಪ್ಪಲಿಯೂ ಇಲ್ಲದೆ ಹೋಟೆಲಿನ ತನಕ ಓಡಿಬಂದಳು. "ನಿಂಗೆ ಬಾಯಿಲ್ಯಾ? ಬದಿಯವ್ರನ್ ಕರೂಕೆ ಎಂತ ಆಯಿತ್ತ್?" ಎಂದು ಜನರ ಎದುರಲ್ಲೇ ಬೈದೆ. ಮಗು ಉಳಿಯಿತು. ಅದೇ ಶೈಲಾ.

ಹೋಟೆಲು ಬಿಟ್ಟು ಊರಿಗೆ ಬಂದೆವು. ಮಗಳು ಓದಿ, ದೇಶ ಬಿಟ್ಟು, ಮದುವೆಯಾಗಿ, ಲೀನಾ ಹುಟ್ಟಿದಳು. ಭಾನುವಾರ ವೀಡಿಯೋ ಕಾಲ್ ಬರುತ್ತಿತ್ತು. ನಾನು ನೋಡುತ್ತಿದ್ದಂತೆ ನನ್ನ ಹೆಂಡತಿ ಆ ಮಗುವಿನಿಂದಲೇ ಜರ್ಮನ್ ಕಲಿಯತೊಡಗಿದಳು. ಮಗು ಬಟ್ಟಲು ತೋರಿಸಿ ಒಂದು ಶಬ್ದ ಹೇಳುವುದು, ಇವಳು ಹಾಗೇ ಹೇಳುವುದು. ಬೆಕ್ಕು ತೋರಿಸುವುದು, ಇವಳು ಹೇಳುವುದು. ಒಂದು ಭಾನುವಾರ ಬಾವಿಕಟ್ಟೆಯ ಹತ್ತಿರ ನಿಂತು ಇವಳು ಒಂದು ಇಡೀ ವಾಕ್ಯ ಹೇಳಿದಳು. ಜಗಲಿಯಲ್ಲಿ ಕೂತಿದ್ದ ನನಗೆ ನಗು ಬಂತು. ನಕ್ಕೆ. ಬೇಕೆಂದು ಅಲ್ಲ, ಹಳೆಯ ಚಟ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮುಂದಿನ ಭಾನುವಾರದಿಂದ ಫೋನ್ ಹಿಡಿದುಕೊಂಡು ಮನೆ ಹಿಂದಿನ ಗೇರು ಮರಗಳ ಹಾಡಿಗೆ ಹೋಗತೊಡಗಿದಳು. ಅಲ್ಲಿ ನೆಟ್‌ವರ್ಕ್ ಚೆನ್ನಾಗಿರಬೇಕು ಎಂದುಕೊಂಡೆ. ಅಷ್ಟೇ ಅಂದುಕೊಂಡೆ.

ಎದೆನೋವು ಎಂದು ಒಂದು ಬೆಳಿಗ್ಗೆ ಕುಂದಾಪುರಕ್ಕೆ ಹೋದವಳು ಮರಳಿ ಬರಲಿಲ್ಲ.

ನನಗೆ ಅಳು ಬರಲಿಲ್ಲ. ಕಾರ್ಯ ಎಲ್ಲ ಮಾಡಿದೆ, ಬಂದವರಿಗೆ ಬಡಿಸಿದೆ. ಗಟ್ಟಿ ಮನುಷ್ಯ ಎಂದರು. ಗಟ್ಟಿ ಅಲ್ಲ, ಒಳಗೆ ಏನೂ ಇರಲಿಲ್ಲ. ಭಾನುವಾರ ಫೋನ್ ಬಂದರೆ ಮಗು ಅತ್ತ ಇತ್ತ ನೋಡಿ "ಅಮ್ಮಮ್ಮ?" ಎನ್ನುತ್ತಿತ್ತು. ನಾನು ಶೈಲಾಳಿಗೆ "ನೆಟ್‌ವರ್ಕ್ ಇಲ್ಲೆ" ಎಂದು ಹೇಳಿ ಕಟ್ ಮಾಡುತ್ತಿದ್ದೆ.

ಹೀಗೆ ಎಷ್ಟು ಭಾನುವಾರ ಹೋಗುತ್ತದೆ? ಆ ಮಗುವಿನ ಜೊತೆ ಒಂದೆರಡು ಮಾತಾದರೂ ಆಡಬೇಕೆಂದು ಫೋನಿನಲ್ಲೇ ಜರ್ಮನ್ ಪಾಠ ಹಾಕಿಕೊಂಡೆ. ಕೊಟ್ಟಿಗೆ ಖಾಲಿ ಇತ್ತು. ಅಲ್ಲಿ ಕೂತು ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳುತ್ತಿದ್ದೆ. ಬೇರೆ ಕೆಲಸ ಇಲ್ಲದ ಮನುಷ್ಯ, ದಿನವೂ ಕೇಳಿದೆ. ಮಳೆಗಾಲ ಮುಗಿಯುವಾಗ ಬಹಳಷ್ಟು ತಿಳಿಯತೊಡಗಿತು. ಪಾಠದಲ್ಲಿ ಒಂದು ಹೆಂಗಸಿನ ಸ್ವರ "ಈಗ ನೀವು ಹೇಳಿ" ಎನ್ನುತ್ತದೆ. ನಾನು ಹೇಳುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಒಂದು ಕರುವೂ ಇಲ್ಲ, ಆದರೂ ಗಂಟಲು ಒಣಗಿ ಬೆವರು ಬರುತ್ತಿತ್ತು.

ಒಮ್ಮೆ ಕುಂದಾಪುರದಿಂದ ಬರುವ ಬಸ್ಸಿನಲ್ಲಿ ತುಟಿ ಅಲ್ಲಾಡಿಸಿ ಅಭ್ಯಾಸ ಮಾಡುತ್ತಿದ್ದೆ. ಸ್ವರ ಸ್ವಲ್ಪ ಹೊರಗೆ ಬಂದಿರಬೇಕು, ಕಂಡಕ್ಟರ್ ನೋಡಿದ.

"ಎಂತ ಶೆಟ್ರೆ, ಯಾವ್ ಮಂತ್ರ ಅದ್? ನಂಗೂ ಒಂದ್ ಹೇಳ್ಕೊಡಿ. ಕಲೆಕ್ಷನ್ನೇ ಇಲ್ಲೆ ಈಗಳ್."

"ಸಹಸ್ರನಾಮ" ಎಂದೆ.

"ಸಹಸ್ರನಾಮದಗೆ ಗೂಟನ್ ಮಾರ್ಗನ್ ಎಲ್ಲ್ ಬತ್ತ್ ಮಾರಾಯ್ರೆ? ನಮ್ ತಂಗಿ ಮಗ್ಳ್ ನರ್ಸಿಂಗ್ ಮಾಡಿ ಜರ್ಮನಿಗ್ ಹೋಪುಕೆ ಅಂದೇಳಿ ಮನಿಯಗೆ ಇದ್ನೇ ಒದರ್ತ್ಳ್!"

ಬಸ್ಸು ಇಡೀ ನಕ್ಕಿತು. ಕೆಟ್ಟ ನಗು ಅಲ್ಲ. ಆದರೆ ನಾನು ನನ್ನ ಸ್ಟಾಪು ಬರುವ ಮೊದಲೇ ಇಳಿದು ಬಿಸಿಲಲ್ಲಿ ನಡೆದುಕೊಂಡು ಮನೆಗೆ ಹೋದೆ. ಜನರು ಹೇಗೆ ನಗುತ್ತಾರೆ, ನಕ್ಕಮೇಲೆ ಅದನ್ನು ಎಲ್ಲಿಗೆ ಒಯ್ದು ಯಾರ ಎದುರು ಮಾಡಿ ತೋರಿಸುತ್ತಾರೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ನಾನು ಬಾಯಿ ತೆರೆಯುವ ಮೊದಲೇ ನನಗೆ ಕೇಳುತ್ತಿದ್ದದ್ದು ನನ್ನದೇ ನಗು.

ಹೀಗಿದ್ದವನನ್ನು ಆ ಮಗು ಸೇತುವೆಯ ಮೇಲೆ ಪ್ರಶ್ನೆ ಕೇಳಿದ್ದು.

ಮರುದಿನ ಬೆಳಿಗ್ಗೆ ಸುಶೀಲ ಗಂಜಿ ತಂದಳು. ಅಂಗಡಿಯಿಂದ ಬಿಸ್ಕೆಟು ತಂದಳು. ಮಂಚದ ಅಡಿಗೆ ಬಗ್ಗಿ ಬಗ್ಗಿ ಕರೆದಳು. ಕೊನೆಗೆ ಸೊಂಟ ಹಿಡಿದುಕೊಂಡು ಎದ್ದು ನನ್ನ ಮೇಲೆ ತಿರುಗಿದಳು.

"ಶೆಟ್ರೆ, ಮಗಿನ್ ತುಟಿ ಒಡ್ದ್ ಹೋಯ್ತಲೆ. ಅದ್ರ್ ಭಾಷೆಗ್ ಒಂದ್ ಮಾತ್ ಹೇಳುಕಾತಿಲ್ಯಾ ನಿಮ್ಗೆ?"

"ನಂಗ್ ಬತ್ತಿಲ್ಲೆ" ಎಂದೆ.

"ಸುಳ್ಳ್ ಹೇಳ್ಬೇಡಿ. ಕೊಟ್ಗಿಯಗೆ ಕಿವಿಗ್ ವಯರ್ ಹಾಯ್ಕಂಡ್ ಕೂಕಂಬುದ್ ನಾ ಕಾಣ್ಲಿಲ್ಯಾ? ನಿಮ್ ಮನಿಯವ್ರ್ ತಪ್ಪೋ ಒಪ್ಪೋ ಮಾತಾಡ್ತಿದ್ರ್ ಕಾಣಿ. ಆ ಹಾಡಿಯಗೆ ನಿಂತ್ಕಂಡ್. ನಾನೇ ಕೇಂಡಿದ್ದೆ, ಅಮ್ಮಾ, ಇಲ್ಲ್ ಎಂತಕ್ ಬತ್ರಿ, ಹಾವ್ ಗೀವ್ ಇರತ್ತ್ ಅಂದೇಳಿ."

"ಎಂತ ಅಂದ್ಳ್?"

"ಹಾವ್ ನಗಾಡುದಿಲ್ಲೆ ಸುಶೀಲ, ಅಂದ್ರ್" ಎಂದಳು. ಗಂಜಿಯ ಪಾತ್ರೆ ಅಲ್ಲೇ ಇಟ್ಟು ಹೋದಳು.

ನಾನು ಅಲ್ಲೇ ಕೂತೆ. ಆಗಲೂ ಅಳು ಬರಲಿಲ್ಲ. ಕೈಕಾಲು ಯಾರದೋ ಎಂಬ ಹಾಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಮಗುವನ್ನು ವಂಡ್ಸೆಯ ಡಾಕ್ಟರಲ್ಲಿಗೆ ಎತ್ತಿಕೊಂಡು ಹೋದೆ. ಅವರು ನಾಲಿಗೆ ನೋಡಿದರು, ಚರ್ಮ ಹಿಡಿದು ನೋಡಿದರು. "ಅಜ್ಜ, ಮಧ್ಯಾಹ್ನದ ಒಳಗೆ ನೀರಾದರೂ ಕುಡಿಯದಿದ್ದರೆ ಕುಂದಾಪುರಕ್ಕೆ ಕರೆದುಕೊಂಡು ಹೋಗಿ ಅಡ್ಮಿಟ್ ಮಾಡಿ. ಡ್ರಿಪ್ ಹಾಕಬೇಕಾಗುತ್ತದೆ" ಎಂದರು. ಅಮ್ಮಮ್ಮ ಹೋದ ಊರು, ಅಮ್ಮ ಹೋದ ಊರು. ಅಲ್ಲಿಗೆ ತನ್ನನ್ನೂ ಕರೆದುಕೊಂಡು ಹೋಗಿ ಸೂಜಿ ಚುಚ್ಚಿದರೆ ಈ ಮಗು ಏನು ತಿಳಿಯುತ್ತದೆ ಎಂದು ಯೋಚನೆ ಬಂತು. ಗಿರಿಜಳಿಗೆ ಫೋನ್ ಮಾಡಿದೆ. ಶೈಲಾಳಿಗೆ ಇನ್ನೂ ಎಚ್ಚರ ಬಂದಿರಲಿಲ್ಲ.

ಕುಂದಾಪುರದ ಬಸ್ಸಿಗೆಂದು ರಸ್ತೆ ಬದಿಯಲ್ಲಿ ನಿಂತೆ. ಆಚೆ ಕಡೆಯಿಂದ ಕೊಲ್ಲೂರಿಗೆ ಹೋಗುವ ಬಸ್ಸು ಬಂತು. ಮಗುವನ್ನು ಎತ್ತಿಕೊಂಡು ರಸ್ತೆ ದಾಟಿ ಅದನ್ನು ಹತ್ತಿದೆ. ಯಾಕೆ ಹತ್ತಿದೆ ಎಂದರೆ ಉತ್ತರ ಇಲ್ಲ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ಬಾಯಿಗೆ ಬಂದದ್ದು ಮಾರಣಕಟ್ಟೆ.

ವರ್ಷಾಂತ ಕಳೆಯುವ ತನಕ ನಾನು ದೇವಸ್ಥಾನದ ಒಳಗೆ ಕಾಲಿಟ್ಟಿರಲಿಲ್ಲ. ಒಂದು ವರ್ಷದ ಮೇಲೆ ಅದೇ ಮೊದಲ ಸಲ. ಸ್ವಾಮಿಯ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ವರ ಕೇಳಲು ಬಾಯಿ ತೆರೆದ ಅಸುರನ ಮಾತನ್ನು ದೇವಿ ಕಟ್ಟಿದಳು, ಅವನು ಮೂಕಾಸುರನಾದ, ಅವನಿಂದಲೇ ಕೊಲ್ಲೂರಿನ ತಾಯಿಗೆ ಮೂಕಾಂಬಿಕೆ ಎಂದು ಹೆಸರಾಯಿತು, ಅವನ ಕೊನೆಯಾದದ್ದು ಇಲ್ಲಿ, ಕೊನೆಯಲ್ಲಿ ಶರಣು ಬಂದವನಿಗೆ ತಾಯಿ ಇಲ್ಲೇ ಸ್ವಾಮಿಯಾಗಿ ನೆಲೆ ಕೊಟ್ಟಳು ಎಂದು ಹಿರಿಯರು ಹೇಳುತ್ತಾರೆ. ಚಿಕ್ಕಂದಿನಿಂದ ಕೇಳಿದ ಕಥೆ. ಆ ದಿನ ಮಾತ್ರ ಬೇರೆ ರೀತಿ ಕೇಳಿಸಿತು. ಮಾತು ಕಟ್ಟಿದರೆ ಹೇಗಾಗುತ್ತದೆ ಎಂದು ಈ ಒಬ್ಬನಿಗೆ ಗೊತ್ತಿದೆ. ತಪ್ಪು ಮಾಡಿದವನಿಗೂ ನಿಲ್ಲಲು ಜಾಗ ಕೊಟ್ಟಿದ್ದಾರೆ ಎಂಬುದಕ್ಕೆ ಇವನೇ ಸಾಕ್ಷಿ.

ಭಟ್ಟರು "ಯಾರ ಹೆಸರಿನಲ್ಲಿ?" ಎಂದು ಕೇಳಿದರು. ಶೈಲಾಳ ಹೆಸರು, ಮಗುವಿನ ಹೆಸರು ಹೇಳಿದೆ. ಇನ್ನೊಂದು ಹೆಸರು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ನಮ್ಮ ಕಾಲದಲ್ಲಿ ಹೆಂಡತಿಯ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ. ನಾನು ಕರೆದದ್ದು "ಹ್ವಾಯ್" ಎಂದು, "ಕೇಂತಾ" ಎಂದು.

ಕಣ್ಣು ಮುಚ್ಚಿ ನಿಂತು ಬೇಡಿಕೊಂಡೆ. ನನಗೆ ಚೆನ್ನಾಗಿ ಮಾತಾಡಲು ಬರಲಿ ಎಂದು ಕೇಳಲಿಲ್ಲ. ಸ್ವಾಮಿ, ನನ್ನನ್ನು ನೋಡಿ ಜನ ನಗಲಿ, ಅದನ್ನು ತಡೆದುಕೊಂಡು ನಿಲ್ಲುವ ಹಾಗೆ ಮಾಡು ಎಂದೆ. ಅಷ್ಟೇ. ಎದೆ ಹಗುರವಾಗಲಿಲ್ಲ, ಬೆಳಕು ಕಾಣಲಿಲ್ಲ. ಭಟ್ಟರು ಕೊಟ್ಟ ಬಾಳೆಹಣ್ಣು ಮಗುವಿನ ಕೈಗಿಟ್ಟೆ. ಅದು ಹಿಡಿದುಕೊಳ್ಳಲಿಲ್ಲ, ಹಣ್ಣು ಕೆಳಗೆ ಬಿತ್ತು. ಒರಸಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಹೊರಗೆ ಮೆಟ್ಟಿಲ ಮೇಲೆ ಸುಸ್ತಾಗಿ ಕೂತೆ. ಪಕ್ಕದಲ್ಲಿ ಹೂಮಾಲೆ ಮಾರುವ ಮುದುಕಿ. ಉಪ್ಪುಂದ ಕಡೆಯಿಂದ ಒಂದು ಬಸ್ಸು ಜನ ಹರಕೆಗೆಂದು ಬಂದು ಅಲ್ಲೇ ಸಾಲಾಗಿ ನಿಂತಿದ್ದರು. ಮುದುಕಿ ಮಗುವಿಗೆ ಒಂದು ಹೂ ಕೊಟ್ಟು ಹೆಸರು ಕೇಳಿದಳು. ಮಗು ಸುಮ್ಮನೆ ನೋಡಿತು. ಮತ್ತೆ ಕೇಳಿದಳು.

"ಹ್ವಾಯ್ ಅಜ್ಜ, ಮಗ್ ಮಾತಾಡುದಿಲ್ಯಾ? ಮೂಗಿಯಾ?" ಎಂದಳು. ಪಾಪ, ಕನಿಕರದಿಂದಲೇ ಕೇಳಿದ್ದು. "ಸ್ವಾಮಿಗ್ ಹೇಳ್ಕಣಿ. ಮೂಗ್ರಿಗೆಲ್ಲ ಇವ್ನೇ ಗತಿ."

ಆ ಶಬ್ದ ಕೇಳಿದ್ದೇ ನನ್ನ ಬೆನ್ನಿಗೆ ಯಾರೋ ಹೊಡೆದ ಹಾಗಾಯಿತು. ಒಂದು ಜೀವಕ್ಕೆ ಆ ಹೆಸರು ಬರುವ ಹಾಗೆ ಒಮ್ಮೆ ಮಾಡಿದ್ದೇನೆ. ಈಗ ಇನ್ನೊಂದಕ್ಕೆ.

"ಅಲ್ಲ" ಎಂದೆ. ಜೋರಾಗಿಯೇ ಬಂತು. ಎದ್ದು ನಿಂತೆ. ಆಮೇಲೆ ಮಗುವಿನ ಕಡೆ ತಿರುಗಿ ಆ ಭಾಷೆಯಲ್ಲಿ ಶುರು ಮಾಡಿದೆ. ಮೊದಲ ಶಬ್ದ ಕೆಮ್ಮಿನ ಹಾಗೆ ಬಂತು. ನಿಲ್ಲಿಸಲಿಲ್ಲ. "ಮಾಮಾ ಕೊಮ್ಟ್" ಎಂದೆ. ಅಮ್ಮ ಬರುತ್ತಾಳೆ. ಅಮ್ಮ ಮಲಗಿದ್ದಾಳೆ. ಅಮ್ಮ ಅಮ್ಮಮ್ಮನ ಹಾಗಲ್ಲ. ಡಾಕ್ಟರು ಒಳ್ಳೆಯವರು. ಅಪ್ಪ ವಿಮಾನದಲ್ಲಿ ಬರುತ್ತಾನೆ. ಗೊತ್ತಿದ್ದದ್ದನ್ನೆಲ್ಲ ಹೇಳಿದೆ, ಹಿಂದೆಮುಂದೆ ಮಾಡಿ ಹೇಳಿದೆ, ಸಿಗದ ಕಡೆ ಕೈ ಆಡಿಸಿದೆ. ಮಾಡಿ ತೋರಿಸುವುದು ನನಗೆ ಮೊದಲೇ ಅಭ್ಯಾಸ ಇತ್ತಲ್ಲ.

ಸಾಲಿನಲ್ಲಿ ನಿಂತ ಹೆಂಗಸರು ತಿರುಗಿ ನೋಡಿದರು. "ಎಂತ ಆಯ್ತೆ ಈ ಅಜ್ಜಂಗೆ? ಮೈಮೇಲ್ ಬಂತಾ?" ಎಂದು ಒಬ್ಬಳು ಕೇಳಿದಳು. "ಇಂಗ್ಲಿಷ್ ಬಿಡ್ತ್ರ್ ಮಾರಾಯ್ತಿ, ಸುಮ್ನಿರ್" ಎಂದಳು ಇನ್ನೊಬ್ಬಳು. ಸಾಲು ಇಡೀ ನಕ್ಕಿತು.

ನಾನು ಹೆದರಿದ್ದು ಇದಕ್ಕೇ. ಅದು ಬಂತು. ಕಿವಿಯಲ್ಲಿ ತುಂಬಿತು. ಸ್ವಲ್ಪ ಹೊತ್ತಿನಲ್ಲಿ ಮುಗಿಯಿತು. ಅವರು ಸಾಲಿನಲ್ಲಿ ಮುಂದೆ ಹೋದರು. ನಾನು ಅಲ್ಲೇ ನಿಂತಿದ್ದೆ, ಏನೂ ಆಗಿರಲಿಲ್ಲ.

ಮಗು ನನ್ನ ಬಾಯಿಯನ್ನೇ ನೋಡುತ್ತಿತ್ತು, ಸೇತುವೆಯ ಮೇಲೆ ನೋಡಿದ ಹಾಗೆ. "ನೊಖ್ ಮಾಲ್" ಎಂದಿತು. ಸ್ವರ ಒಡೆದಿತ್ತು. ಇನ್ನೊಮ್ಮೆ ಹೇಳು ಎಂದು ಅದರ ಅರ್ಥ.

ಇನ್ನೊಮ್ಮೆ ಹೇಳಿದೆ. ಅಮ್ಮ ಬರುತ್ತಾಳೆ. ಮತ್ತೆ "ನೊಖ್ ಮಾಲ್" ಎಂದಿತು. ಮತ್ತೆ ಹೇಳಿದೆ. ಎಷ್ಟು ಸಲ ಎಂದು ಲೆಕ್ಕ ಇಡಲಿಲ್ಲ. ಒಂದು ಶಬ್ದವನ್ನು ಅದು ತಿದ್ದಿತು, ನಾನು ತಿದ್ದಿಕೊಂಡೆ, ಮತ್ತೆ ತಪ್ಪಿತು. ಆಗ ಮಗು ನಕ್ಕಿತು. ನಕ್ಕು ಏನೋ ಹೇಳಿತು. ಅದನ್ನು ಕೇಳಿ ನಾನು ಮೆಟ್ಟಿಲ ಮೇಲೆ ಮತ್ತೆ ಕೂತುಬಿಟ್ಟೆ.

ನೀನೂ ಅಮ್ಮಮ್ಮನ ಹಾಗೇ ಮಾತಾಡುತ್ತೀ, ಎಂದಿತು ಅದು.

ಅದೇ ತಪ್ಪುಗಳು. ಅದೇ ಕುಂದಾಪುರದ ನಾಲಿಗೆ. ಕೊಟ್ಟಿಗೆಯಲ್ಲಿ ಕೂತು ತಿಂಗಳುಗಟ್ಟಲೆ ಕಲಿತರೂ ನನ್ನ ಬಾಯಿಂದ ಬಂದದ್ದು ಅವಳ ಮಾತೇ. ಆ ಮಗುವಿಗೆ ಅದು ಪರಿಚಯದ ಸ್ವರ. ಸರಿಯಾಗಿ ಮಾತಾಡಿದ್ದರೆ ನಂಬುತ್ತಿತ್ತೋ ಇಲ್ಲವೋ.

"ನೀರು" ಎಂದಿತು ಮಗು. ಕನ್ನಡದಲ್ಲಿ.

ಹೂವಿನ ಮುದುಕಿ ತನ್ನ ಚೊಂಬನ್ನೇ ಕೊಟ್ಟಳು. ಮಗು ಎರಡೂ ಕೈಯಲ್ಲಿ ಹಿಡಿದು ಕುಡಿಯಿತು. ಅಂಗಿ ಒದ್ದೆಯಾಯಿತು. "ನಿಧಾನ್ಕೆ ಮಗಾ, ನಿಧಾನ್ಕೆ. ಮೂಗಿ ಅಲ್ಲ ಮಾರಾಯ್ರೆ, ಇದ್ ಗಿಳಿ" ಎಂದಳು ಮುದುಕಿ. ಜೇಬಿನಲ್ಲಿದ್ದ ಬಾಳೆಹಣ್ಣು ಸುಲಿದು ಕೊಟ್ಟೆ. ತಿಂದಿತು. ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟಿತು.

ಸಂಜೆ ಗಿರಿಜಳ ಫೋನ್ ಬಂತು. "ಭಾವ, ಶೈಲ ಕಣ್ ಬಿಟ್ಳ್. ಫಸ್ಟ್ ಕೇಂಡದ್ದೇ ಮಗ್ ಉಂಡಿತಾ ಅಂದೇಳಿ. ಎಂತ ಹೇಳುದ್?"

"ಉಂಡಿತ್ ಅನ್" ಎಂದೆ.

ಆಮೇಲಿನದ್ದನ್ನು ಬೇಗ ಹೇಳುತ್ತೇನೆ. ಮಾರ್ಟಿನ್ ಬಂದ. ಶೈಲಾಳನ್ನು ವಾರ್ಡಿಗೆ ತಂದರು. ಲೀನಾ ಹೋಗಿ ಅಮ್ಮನ ಮಂಚದ ಅಂಚಿನಲ್ಲಿ ಕೂತು, ಬಾಗಿಲಲ್ಲಿ ನಿಂತ ನನ್ನ ಕಡೆ ಬೆರಳು ತೋರಿಸಿ, ಅಜ್ಜ ಸುಳ್ಳು ಹೇಳಲಿಲ್ಲ ಎಂದಿತು. ಇದಕ್ಕೆ ಸಂತೋಷವಾಯಿತು ಎಂದು ಬರೆಯಬೇಕು. ಆದದ್ದು ಸಂತೋಷ ಅಲ್ಲ. ಬಹಳ ಹೊತ್ತು ಮಡಚಿಟ್ಟ ಕಾಲಿಗೆ ಜೋಮು ಬಿಡುವಾಗ ಆಗುತ್ತದಲ್ಲ, ಹಾಗೆ. ಚುಚ್ಚುತ್ತದೆ, ಆದರೆ ಕಾಲು ಇದೆ ಎಂದು ಗೊತ್ತಾಗುತ್ತದೆ.

ಡಾಕ್ಟರರ ಕೈಗುಣವೂ ದೊಡ್ಡದು, ಅದನ್ನು ಮರೆಯುವುದಿಲ್ಲ. ಆದರೆ ಕುಂದಾಪುರದ ಬಸ್ಸಿಗೆ ಕಾದು ನಿಂತವನನ್ನು ಆಚೆ ಕಡೆಯ ಬಸ್ಸು ಹತ್ತಿಸಿದ್ದು ಯಾರು? ಆ ಮುದುಕಿಯ ಬಾಯಿಯಲ್ಲಿ ಅದೇ ಶಬ್ದ ಇಟ್ಟದ್ದು ಯಾರು? ನಾನು ಕೇಳಿದ್ದನ್ನೇ ಸ್ವಾಮಿ ಕೊಟ್ಟ. ಜನ ನಗಲಿ ಎಂದು ಕೇಳಿದೆ, ತನ್ನ ಮೆಟ್ಟಿಲ ಮೇಲೆಯೇ ಒಂದು ಬಸ್ಸು ಜನ ನಿಲ್ಲಿಸಿ ಕೊಟ್ಟ. ನನ್ನ ನಂಬಿಕೆ ಮೊದಲು ಅಭ್ಯಾಸದ್ದಾಗಿತ್ತು. ಈಗ ಹಾಗಲ್ಲ. ಯಾರಿಗಾದರೂ ಮಾತು ಕಟ್ಟಿದ್ದರೆ, ಬೇರೆಯವರ ಮಾತು ಕಟ್ಟಿದ ತಪ್ಪು ಇದ್ದರೆ, ಅಲ್ಲಿಗೆ ಹೋಗಿ ನಿಲ್ಲಿ. ಕೇಳುವವನು ಅಲ್ಲಿದ್ದಾನೆ.

ಈಗ ಭಾನುವಾರ ಫೋನ್ ಬಂದರೆ ನಾನು ಬಾವಿಕಟ್ಟೆಯ ಹತ್ತಿರವೇ ನಿಂತು ಮಾತಾಡುತ್ತೇನೆ. ಸುಶೀಲಳ ಮನೆಗೆ ಕೇಳುತ್ತದೆ, ರಸ್ತೆಯಲ್ಲಿ ಹೋಗುವವರಿಗೂ ಕೇಳುತ್ತದೆ. ನಗುವವರು ನಗುತ್ತಾರೆ. ಈಗಲೂ ಮೊದಲ ಶಬ್ದಕ್ಕೆ ಗಂಟಲು ಒಣಗುತ್ತದೆ. ಒಣಗಲಿ ಎಂದು ಬಿಟ್ಟಿದ್ದೇನೆ.

ಕಳೆದ ಭಾನುವಾರ ಲೀನಾ ಶಾಲೆಯ ಆಟ ಆಡಿಸಿದಳು. ಹೆಸರು ಕೇಳುವ ಆಟ. ನಿನ್ನ ಹೆಸರೇನು ಎಂದಳು, ಹೇಳಿದೆ. ನೆರೆಮನೆಯವಳ ಹೆಸರೇನು, ಹೇಳಿದೆ. ಅಮ್ಮಮ್ಮನ ಹೆಸರೇನು ಎಂದಳು. ಅವಳಿಗೆ ಗೊತ್ತಿಲ್ಲದ್ದೇನಲ್ಲ, ಆಟಕ್ಕೆ ಕೇಳಿದ್ದು. ನಾನು ಬಾವಿಗೆ ಒರಗಿ ನಿಂತೆ. ನೆಟ್‌ವರ್ಕ್ ಇಲ್ಲ ಎನ್ನಬಹುದಿತ್ತು. ಮಗು ಕಾಯಿತು. ಹೇಳಿದೆ. ಮದುವೆಯಾದ ಮೇಲೆ ನನ್ನ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು.

ಕ್ಷಮಿಸು ಎಂದು ಈಗ ನನಗೆ ಜರ್ಮನ್‌ನಲ್ಲಿ ಹೇಳಲು ಬರುತ್ತದೆ. ಹಿಂದಿಯಲ್ಲಿ ಯಾವಾಗಲೋ ಬರುತ್ತಿತ್ತು, ಗಿರಾಕಿಗಳಿಗೆ ದಿನವೂ ಹೇಳುತ್ತಿದ್ದೆ. ಮನೆಯ ಮಾತಿನಲ್ಲಿ, ಒಂದೇ ಮನೆಯಲ್ಲಿ ಇದ್ದಷ್ಟು ಕಾಲವೂ, ಹೇಳಬೇಕಾದವಳಿಗೆ ಹೇಳಲಿಲ್ಲ. ಮುಂದಿನ ಸಂಕ್ರಾಂತಿಗೆ ಮಾರಣಕಟ್ಟೆಗೆ ಹೋಗುತ್ತೇನೆ. ಭಟ್ಟರು ಯಾರ ಹೆಸರಿನಲ್ಲಿ ಎಂದು ಕೇಳುತ್ತಾರೆ. ಅಲ್ಲಿ ಹೇಳುವ ಮೊದಲು ನಿಮ್ಮ ಎದುರಿನಲ್ಲಿ ಒಮ್ಮೆ ಹೇಳಿಬಿಡುತ್ತೇನೆ.

ಅವಳ ಹೆಸರು ಗುಲಾಬಿ.